ಹೆಸರು ಬದಲಾದ ಖಾತೆ

"ಸಾರ್, ಬಾಗಿಲು ತೆಗೀರಿ. ನಾನು ಬಾತ್‌ರೂಮಿಗೆ ಹೋಗ್ಬೇಕು."

ಜಿನ್ಸಿ ಪೌಲೋಸ್ ಇದನ್ನು ಹೇಳಿದ್ದು ಮೂರನೇ ಸಲ. ಕೊರಳಲ್ಲಿ ನೇತಾಡುತ್ತಿದ್ದ ಗುರುತಿನ ಕಾರ್ಡನ್ನು ಬಾಗಿಲ ಪಕ್ಕದ ಕಪ್ಪು ಪೆಟ್ಟಿಗೆಗೆ ಒತ್ತಿದಳು. ಕೆಂಪು ದೀಪ. ಮತ್ತೊಮ್ಮೆ ಒತ್ತಿದಳು. ಮತ್ತೆ ಕೆಂಪು. ಬೆಳಿಗ್ಗೆ ಐದೂವರೆಗೆ ಇದೇ ಕಾರ್ಡು ತೋರಿಸಿ ಒಳಗೆ ಬಂದಿದ್ದಳು.

ಡೈರೆಕ್ಟರ್ ಹರೀಂದ್ರನ್ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಮೇಜಿನ ಮೇಲಿದ್ದ ಬಿಳಿ ಹಾಳೆಯನ್ನು ಅವಳ ಕುರ್ಚಿಯ ಕಡೆಗೆ ಇನ್ನಷ್ಟು ಸರಿಸಿದರು.

"ಮೊದಲು ಬರೆದು ಸಹಿ ಹಾಕು. ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗು."

ನನಗೆ ಪಿತ್ತ ನೆತ್ತಿಗೇರಿತು. ಎದ್ದು ಹೋಗಿ ನನ್ನ ಕಾರ್ಡು ಒತ್ತಿದೆ. ಹಸಿರು. ಎಂಟು ತಿಂಗಳು ದುಡಿದವಳಿಗೆ ಕೆಂಪು, ನಿನ್ನೆ ಬಂದಿಳಿದ ಅತಿಥಿಗೆ ಹಸಿರು. ಚೆನ್ನಾಗಿದೆ ಇವರ ನ್ಯಾಯ.

"ಬಾ ಮೋಳೇ," ಎಂದೆ, ಮಗಳನ್ನು ಕರೆಯುವಂತೆ. "ನನಗೂ ಹೋಗ್ಬೇಕಿತ್ತು. ಐವತ್ತನಾಲ್ಕು ವರ್ಷಕ್ಕೆ ಇದಕ್ಕೆಲ್ಲ ಡೈರೆಕ್ಟರ ಅಪ್ಪಣೆ ಕಾಯೋಕಾಗಲ್ಲ."

ಹರೀಂದ್ರನ್ ಎದ್ದರು. ಹೆಂಗಸರ ಬಾತ್‌ರೂಮಿನ ವಿಷಯವೆಂದು ಮತ್ತೆ ಕೂತರು.

ನಾನು ಸತೀದೇವಿ. ಪತ್ತೇದಾರಿಕೆ ನನ್ನ ಕಸುಬಲ್ಲ, ಲೈಸೆನ್ಸ್ ಎಣಿಸುವುದು ನನ್ನ ಕಸುಬು. ಕಾಕ್ಕನಾಡಿನ ಈ ಏಳನೇ ಮಹಡಿಯ ಕಂಪನಿ ಆಸ್ಪತ್ರೆ, ಶಾಲೆ, ಸಹಕಾರಿ ಸಂಘಗಳ ದಾಖಲೆಗಳನ್ನೆಲ್ಲ ಕ್ಲೌಡಿನಲ್ಲಿಟ್ಟು ನೋಡಿಕೊಳ್ಳುತ್ತದೆ. ಅಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಅವರವರ ಹೆಸರಿನಲ್ಲೇ ಒಂದು ಖಾತೆ, ಒಂದು ಲೈಸೆನ್ಸ್ ಇರಬೇಕು. ಲೈಸೆನ್ಸ್ ಮಾರುವವರು ವರ್ಷಕ್ಕೊಮ್ಮೆ ನನ್ನನ್ನು ಕಳಿಸುತ್ತಾರೆ. ತಲೆ ಎಷ್ಟು, ಲೈಸೆನ್ಸ್ ಎಷ್ಟು ಎಂದು ನೋಡಿ ಸಹಿ ಹಾಕಿ ಹೋಗುತ್ತೇನೆ. ಹೋದಲ್ಲೆಲ್ಲ ಚಹಾ ಕೊಡುತ್ತಾರೆ, ಯಾರೂ ಕೂತ್ಕೊಳ್ಳಿ ಎನ್ನುವುದಿಲ್ಲ.

ಇವತ್ತು ಮಾತ್ರ ಹೋಗೆಂದರೂ ಹೋಗುವಂತಿರಲಿಲ್ಲ. ಹರತಾಳ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ರಸ್ತೆಯಲ್ಲಿ ಒಂದು ಆಟೋ ಇಲ್ಲ. ಇಂಥ ದಿನ ಇಲ್ಲಿಯ ಕಂಪನಿಗಳೆಲ್ಲ ಮಾಡುವುದು ಒಂದೇ: ಅಗತ್ಯವಿರುವವರನ್ನು ಬೆಳಕು ಹರಿಯುವ ಮುಂಚೆ ವ್ಯಾನಿನಲ್ಲಿ ತಂದು ಇಳಿಸಿ, ಗೇಟು ಮುಚ್ಚಿ, ಆರರ ಮೇಲೆ ಬಿಡುತ್ತಾರೆ. ಮಧ್ಯಾಹ್ನ ಗಂಜಿ ಮತ್ತು ಹೆಸರುಕಾಳು ಹಾಕಿದ್ದರು. ಹಾಲು ಬಾರದೆ ಬೆಳಿಗ್ಗೆಯಿಂದ ಬರಿಯ ಕಟ್ಟನ್ ಚಹಾ. ಈ ಮಹಡಿಯಲ್ಲಿ ನಾವು ಹನ್ನೊಂದು ಜನ ಸಿಕ್ಕಿಬಿದ್ದಿದ್ದೆವು.

ಬಾತ್‌ರೂಮಿನಲ್ಲಿ ಜಿನ್ಸಿ ನಲ್ಲಿ ಬಿಟ್ಟು ಮುಖಕ್ಕೆ ನೀರು ಹಾಕಿಕೊಂಡಳು. ಇಪ್ಪತ್ತೇಳು ವರ್ಷದ ತೆಳ್ಳಗಿನ ಹುಡುಗಿ.

"ಚೇಚಿ, ಬರೆದ್ಕೊಟ್ರೆ ಬಿಟ್ಬಿಡ್ತಾರಾ?" ಎಂದಳು, ಅಕ್ಕನನ್ನು ಕೇಳುವಂತೆ.

"ನೀನು ಮಾಡಿದ್ದೀಯಾ?"

"ಇಲ್ಲ."

"ಮತ್ತೆ ಏನಂತ ಬರೀತೀಯ?"

"ಸಾರ್ ಹೇಳಿದ್ರು, ತಪ್ಪೊಪ್ಪಿಗೆ ಬರೆದ್ರೆ ಕಂಪನಿ ಒಳಗೇ ಮುಗಿಸ್ತೀವಿ, ಟೀವಿಗೆಲ್ಲ ಹೋಗಲ್ಲ ಅಂತ. ಅಪ್ಪಂಗೆ ಎರಡು ಸ್ಟೆಂಟ್ ಹಾಕಿದ್ದಾರೆ ಚೇಚಿ. ನನ್ನ ಮುಖ ಟೀವೀಲಿ ಬಂದ್ರೆ ಅವರು ಉಳಿಯಲ್ಲ."

"ದಡ್ಡಿ. ಬರೆದುಕೊಟ್ರೇನೇ ಟೀವೀಲಿ ಬರೋದು."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ನಡೆದದ್ದು ಇಷ್ಟು. ತ್ರಿಶೂರಿನ ಒಂದು ಕ್ಲಿನಿಕ್ಕಿನಲ್ಲಿ ಮಕ್ಕಳಾಗಲೆಂದು ಗುಟ್ಟಾಗಿ ಚಿಕಿತ್ಸೆ ಪಡೆಯುತ್ತಿದ್ದ ಹೆಂಗಸರ ಪಟ್ಟಿ ಈ ಕಂಪನಿಯ ಕೈಯಿಂದ ಕಳುವಾಗಿತ್ತು. ಯಾರೋ ಒಬ್ಬೊಬ್ಬರಿಗೇ ಫೋನ್ ಮಾಡಿ, ಅತ್ತೆಗೆ ಹೇಳುತ್ತೇವೆ, ಊರಿಗೆ ಹೇಳುತ್ತೇವೆ ಎಂದು ಹೆದರಿಸುತ್ತಿದ್ದರು. ಅವರಲ್ಲಿ ಒಬ್ಬಳು ಮೊನ್ನೆ ಮಾತ್ರೆ ನುಂಗಿ ಐಸಿಯು ಸೇರಿದ್ದಳು. ದಾಖಲೆ ತೆರೆದು ನೋಡಿದರೆ ಪಟ್ಟಿ ಎರಡು ಸಲ ಹೊರಗೆ ಹೋಗಿತ್ತು. ಜನವರಿ ಹನ್ನೆರಡು, ಏಪ್ರಿಲ್ ಹನ್ನೆರಡು. ಎರಡೂ ಸಲ ಜಿನ್ಸಿ ಪೌಲೋಸ್ ಹೆಸರಿನಲ್ಲಿ. ಸೈಬರ್ ಪೊಲೀಸರು ಹರತಾಳದ ಬಂದೋಬಸ್ತು ಮುಗಿಸಿ ಆರು ಗಂಟೆಗೆ ಬರುವುದಾಗಿ ಹೇಳಿದ್ದರು.

ನಾವು ಗಾಜಿನ ಕೋಣೆಗೆ ಮರಳಿದಾಗ ಗಂಟೆ ನಾಲ್ಕು. ನಮ್ಮ ಹಿಂದೆ ಬಾಗಿಲು ತಾನಾಗಿ ಕಚ್ಚಿಕೊಂಡಿತು.

ಹರೀಂದ್ರನ್ ಜೊತೆ ಈಗ ಬೈಜು ಕೂತಿದ್ದ. ಕಂಪನಿಯ ಅಡ್ಮಿನ್. ಯಾರಿಗೆ ಖಾತೆ ತೆರೆಯಬೇಕು, ಯಾರದು ಮುಚ್ಚಬೇಕು, ಯಾರ ಕಾರ್ಡಿಗೆ ಯಾವ ಬಾಗಿಲು ತೆರೆಯಬೇಕು, ಎಲ್ಲ ಅವನ ಕೈಯಲ್ಲಿ. ಒಳ್ಳೆಯವನೇ. ಆದರೆ ಡೈರೆಕ್ಟರ್ ಕೆಮ್ಮಿದರೆ ಇವನಿಗೆ ನೆಗಡಿಯಾಗುತ್ತದೆ.

"ಬೈಜು ಮೋನೇ," ಎಂದೆ, ಇಲ್ಲಿಯ ನೆಟ್‌ವರ್ಕಿಗೆ ಜೋಡಿಸಿದ್ದ ನನ್ನ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಕೊಳ್ಳುತ್ತ. "ಜಿನ್ಸಿ ಕೆಲಸಕ್ಕೆ ಸೇರಿದ್ದು ಯಾವಾಗ?"

"ಹೋದ ನವೆಂಬರ್, ಚೇಚಿ."

"ಅವಳ ಖಾತೆ ಹುಟ್ಟಿದ್ದು?"

ಉತ್ತರ ಕೊಟ್ಟದ್ದು ಹರೀಂದ್ರನ್.

"ಮೇಡಂ, ನೀವು ತಲೆ ಎಣಿಸೋಕೆ ಬಂದಿದ್ದೀರಿ. ಎಣಿಸಿ. ತಲೆ ಒಳಗೇನಿದೆ ಅಂತ ನೋಡೋಕೆ ಪೊಲೀಸರು ಬರ್ತಾರೆ."

"ಎಣಿಸ್ತಾನೇ ಇದ್ದೀನಿ ಸಾರ್. ನನ್ನ ಪಟ್ಟೀಲಿ ಈ ಖಾತೆಗೆ ನಾಲ್ಕು ವರ್ಷ ಎರಡು ತಿಂಗಳು. ಹುಡುಗಿಗೆ ಇಲ್ಲಿ ಎಂಟು ತಿಂಗಳು. ಮಗು ಹುಟ್ಟೋಕೆ ಮೂರು ವರ್ಷ ಮುಂಚೆ ತೊಟ್ಟಿಲು ಕಟ್ಟಿದ್ರಾ?"

ಬೈಜುವಿನ ಕಿವಿ ಕೆಂಪಾಯಿತು. ನಿಜ ಹೇಳಬೇಕೆಂದರೆ ನನ್ನ ಕಿವಿಯೂ ಬಿಸಿಯಾಗಿತ್ತು. ಲೈಸೆನ್ಸಿನ ಹುಟ್ಟಿದ ತಾರೀಕು ಪ್ರತಿವರ್ಷದ ಪಟ್ಟಿಯಲ್ಲೂ ಇರುತ್ತದೆ. ಹೋದ ವರ್ಷ ಇದೇ ಕಂಪನಿಯಲ್ಲಿ ಆ ಸಾಲನ್ನು ಓದದೆ ಸಹಿ ಹಾಕಿ, ಬಸ್ಸಿಗೆ ಹೊತ್ತಾಯಿತೆಂದು ಓಡಿಹೋದವಳು ನಾನು. ಆಗ ಇಂಥ ಎಷ್ಟು ಖಾತೆಗಳು ನನ್ನ ಕಣ್ಣ ಕೆಳಗೆ ದಾಟಿ ಹೋಗಿದ್ದವೋ. ಆ ನಾಚಿಕೆ ನನ್ನನ್ನು ಬೆಳಿಗ್ಗೆಯಿಂದ ಕಡಿಯುತ್ತಿತ್ತು.

"ಹೇಳೋ," ಎಂದೆ. "ಇದು ಯಾರ ಖಾತೆ?"

"ಬೈಜು," ಎಂದರು ಹರೀಂದ್ರನ್. ಅಷ್ಟೇ ಹೇಳಿದರು.

ಬೈಜು ಡೈರೆಕ್ಟರ್ ಕಡೆ ನೋಡಿದ, ಜಿನ್ಸಿಯ ಕಡೆ ನೋಡಿದ. ಆ ಹುಡುಗಿಯ ಮುಂದೆ ಬಿಳಿ ಹಾಳೆ ಇನ್ನೂ ಬಿಳಿಯಾಗಿಯೇ ಇತ್ತು.

"ಇದು ಸನೂಪ್ ಖಾತೆ ಚೇಚಿ," ಎಂದ ಕೊನೆಗೆ. "ಹೋದ ಓಣಂ ವಾರ ಬೈಕ್ ಆಕ್ಸಿಡೆಂಟಲ್ಲಿ ತೀರ್ಕೊಂಡ. ಅವನ ಜಾಗಕ್ಕೇ ಜಿನ್ಸಿ ಬಂದಿದ್ದು."

"ತೀರಿಕೊಂಡವನ ಖಾತೆ ಮುಚ್ಚೋದು ಬಿಟ್ಟು?"

"ಅದು ಹಳೇ ಸ್ಕೀಮಿನ ಲೈಸೆನ್ಸ್. ಖಾತೆ ಅಳಿಸಿದ್ರೆ ಆ ದರ ಹೋಗುತ್ತೆ, ಹೊಸದಕ್ಕೆ ಹೆಚ್ಚು ಕೊಡಬೇಕು. ಅದೂ ಅಲ್ಲದೆ ಸನೂಪ್ ಖಾತೆಗೆ ಹನ್ನೆರಡು ಗಿರಾಕಿಗಳ ಕಡತ ಜೋಡಿಸಿತ್ತು. ಹೊಸ ಖಾತೆ ಮಾಡಿದ್ರೆ ಎಲ್ಲಾ ಮೊದಲಿಂದ ಜೋಡಿಸಬೇಕು. ಅದಕ್ಕೇ ಹೆಸರು ಮಾತ್ರ ಬದಲಾಯಿಸೋದು. ಎರಡೇ ನಿಮಿಷ. ಇಲ್ಲಿ ಯಾರು ಬಿಟ್ಟು ಹೋದ್ರೂ ಹಾಗೇ ಮಾಡ್ತೀವಿ."

"ಮನೆ ಬಾಗಿಲ ಮೇಲೆ ಬೋರ್ಡ್ ಬದಲಾಯಿಸಿದ್ರಿ. ಬೀಗದ ಕೈ?"

ಬೈಜು ತಲೆ ಕೆಳಗೆ ಹಾಕಿದ.

ಹರೀಂದ್ರನ್ ಕುರ್ಚಿ ಹಿಂದಕ್ಕೆ ತಳ್ಳಿದರು. ಅವರ ದನಿ ಈಗ ಬೇರೆಯಾಗಿತ್ತು, ಮೆದುವಾಗಿತ್ತು.

"ಮೇಡಂ, ನೀವು ದೊಡ್ಡವರು. ಆರು ಗಂಟೆಗೆ ನಿಮಗೆ ಕಾರು ರೆಡಿ ಇರುತ್ತೆ, ನೇರ ಮನೆ ಬಾಗಿಲಿಗೆ. ನಿಮ್ಮ ಎಣಿಕೆ ಸರಿಯಿದೆ ಅಂತ ಸಹಿ ಹಾಕಿ. ಹುಡುಗಿ ವಿಷಯ ಬೇರೆ, ಲೈಸೆನ್ಸ್ ವಿಷಯ ಬೇರೆ. ಯಾಕೆ ಎರಡನ್ನೂ ಒಂದೇ ಪಾತ್ರೇಲಿ ಹಾಕ್ತೀರಿ?"

"ನೀವೇ ಹಾಕಿದ್ದೀರಲ್ಲ ಸಾರ್. ಸತ್ತವನನ್ನೂ ಬದುಕಿದವಳನ್ನೂ ಒಂದೇ ಖಾತೇಲಿ."

ಅವರು ವಕೀಲರಿಗೆ ಫೋನ್ ಮಾಡಬೇಕೆಂದು ಹೇಳಿ ತಮ್ಮ ಕ್ಯಾಬಿನ್ನಿಗೆ ಹೊರಟರು. ಗಾಜಿನಾಚೆ ಉಳಿದ ಏಳು ಜನ ತಮ್ಮ ತಮ್ಮ ಪರದೆಗೆ ಬಗ್ಗಿ ಕೂತಿದ್ದರು. ಡೈರೆಕ್ಟರ್ ಹಾದುಹೋದಾಗ ಒಬ್ಬರೂ ತಲೆಯೆತ್ತಲಿಲ್ಲ.

ಅವರು ಹೋದದ್ದೇ ಬೈಜುವಿನ ನಾಲಿಗೆ ಸಡಿಲವಾಯಿತು.

"ಚೇಚಿ, ಇನ್ನೊಂದಿದೆ. ಸನೂಪ್ ಇದ್ದಾಗ ಒಂದು ಕೊಂಡಿ ಹಾಕಿದ್ದ. ಕ್ಲಿನಿಕ್ಕಿನ ಪಟ್ಟಿಯಿಂದ ಹೆಸರು, ಫೋನ್ ನಂಬರ್ ತಗೊಂಡು ಪೇಷಂಟುಗಳಿಗೆ 'ನಾಳೆ ಹತ್ತು ಗಂಟೆಗೆ ಬನ್ನಿ' ಅಂತ ಮೆಸೇಜ್ ಕಳಿಸೋ ಕೊಂಡಿ. ಕ್ಲಿನಿಕ್ಕಿನವರು ಅದನ್ನ ಬಿಟ್ಟು ಒಂದು ವರ್ಷ ಆಯ್ತು. ನಾನು ತೆಗೆಯೋಕೆ ಮರೆತೆ. ಪಟ್ಟಿ ಹೋಗಿರೋದು ಅದೇ ದಾರೀಲಿ."

"ಅಂದ್ರೆ ಜಿನ್ಸಿ ಏನೂ ಮಾಡಬೇಕಿರಲಿಲ್ಲ. ಯಾರೋ ಆ ಕೊಂಡಿ ಎಳೆದರೆ ಸಾಕು, ದಾಖಲೇಲಿ ಇವಳ ಹೆಸರು ಬೀಳುತ್ತೆ."

"ಹೌದು. ಆದರೆ ಬರೀ ಎಳೆದರೆ ಬರಲ್ಲ. ತೊಂಬತ್ತು ದಿನಕ್ಕೊಂದು ಸಲ ಖಾತೆಯವರು ತಮ್ಮ ಫೋನಲ್ಲಿ 'ಹೌದು, ನಾನೇ' ಅಂತ ಒತ್ತಬೇಕು. ಇಲ್ಲಾಂದ್ರೆ ಕೊಂಡಿ ಸಾಯುತ್ತೆ."

ಜನವರಿ ಹನ್ನೆರಡು. ಏಪ್ರಿಲ್ ಹನ್ನೆರಡು. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಮುಂದಿನ ತೊಂಬತ್ತನೇ ದಿನ ಜುಲೈ ಹನ್ನೊಂದು. ಗೋಡೆಯ ಕ್ಯಾಲೆಂಡರ್ ನೋಡುವ ಅಗತ್ಯವಿರಲಿಲ್ಲ.

"ಇವತ್ತು," ಎಂದೆ.

"ಇವತ್ತು," ಎಂದ ಬೈಜು. ಅವನಿಗೂ ಅದು ಆಗಲೇ ಹೊಳೆದದ್ದೆಂದು ಮುಖ ಹೇಳುತ್ತಿತ್ತು. "ಮತ್ತೆ ಚೇಚಿ, ಕೊಂಡೀನ ಈ ಆಫೀಸಿನ ನೆಟ್‌ವರ್ಕ್‌ನಿಂದ ಮಾತ್ರ ಎಳೀಬಹುದು. ಮನೇಲಿ ಕೂತು ಆಗಲ್ಲ."

ಹಾಗಾದರೆ ಕಳ್ಳ ಇವತ್ತು ಮನೆಯಲ್ಲಿ ಕೂರುವಂತಿರಲಿಲ್ಲ. ಊರೆಲ್ಲ ಬಾಗಿಲು ಹಾಕಿದ ದಿನ ಕತ್ತಲಲ್ಲಿ ವ್ಯಾನ್ ಹತ್ತಿ ಬಂದ ಹನ್ನೊಂದು ಜನರಲ್ಲಿ ಒಬ್ಬ. ಹೊರಗೆ ಹೋಗಲು ದಾರಿಯಿಲ್ಲ ಎಂದು ಬೆಳಿಗ್ಗೆಯಿಂದ ಗೊಣಗುತ್ತಿದ್ದವಳಿಗೆ, ಅವನಿಗೂ ದಾರಿಯಿಲ್ಲ ಎಂಬುದು ಈಗ ಹೊಳೆಯಿತು.

"ಯಾವ ಯಂತ್ರದಿಂದ ಎಳೆದಿದ್ದಾರೆ ಅಂತ ದಾಖಲೇಲಿ ಇರಲ್ವಾ?"

"ನಮ್ಮದು ಅಗ್ಗದ ಲೈಸೆನ್ಸ್ ಚೇಚಿ. ಯಂತ್ರದ ವಿವರ ಮೂವತ್ತು ದಿನ ಮಾತ್ರ ಉಳಿಯುತ್ತೆ. ದುಬಾರಿ ಲೈಸೆನ್ಸಾಗಿದ್ರೆ ಒಂದು ವರ್ಷ."

"ಸರಿ, ಆ ಫೋನಾದ್ರೂ ಯಾರದು? 'ಹೌದು' ಅಂತ ಒತ್ತಿದವರು ಯಾರು?"

"ಜಿನ್ಸಿ ಫೋನೂ ಖಾತೆಗೆ ಸೇರಿಸಿದ್ದೀನಿ. ಆದರೆ ಮೊದಲು ಸೇರಿಸಿದ ಫೋನಿಗೇ ಕೇಳೋದು. ಅಂದ್ರೆ ಸನೂಪ್ ಫೋನಿಗೆ. ಅದನ್ನ ನಾನು ತೆಗೆದಿಲ್ಲ."

"ಸತ್ತವನ ಫೋನ್ ಎರಡು ಸಲ 'ಹೌದು, ನಾನೇ' ಅಂದಿದೆ."

ನನಗೆ ಒಳಗೊಳಗೇ ಖುಷಿಯಾಗಿತ್ತು, ಮುಚ್ಚಿಡುವುದೇಕೆ. ಆ ಫೋನು ಯಾರ ಬಳಿ ಇದೆಯೋ ಅವನೇ ಕಳ್ಳ. ಜಿನ್ಸಿಯ ಫೋನು ಬೆಳಿಗ್ಗೆಯೇ ಕಿತ್ತುಕೊಂಡು ಮೇಜಿನ ನಡುವೆ ಇಟ್ಟಿದ್ದರು. ಆರು ಗಂಟೆಗೆ ಪೊಲೀಸರು ಬಂದಾಗ ನಾನು ಈ ಹುಡುಗಿಯ ಕೈ ಹಿಡಿದು ಗೇಟು ದಾಟಿಸಬಹುದು.

"ಬೈಜು, ನೀನೇ ಒಂದು ಸಲ ಕೇಳು. ನಿನ್ನ ಯಂತ್ರದಿಂದ. ಆ ಫೋನ್ ಈ ಮಹಡೀಲಿದ್ರೆ ಎಲ್ಲಾದ್ರೂ ಸದ್ದಾಗುತ್ತೆ."

ಬೈಜು ಒತ್ತಿದ. ನಾನು ಗಾಜಿಗೆ ಮುಖ ಹಚ್ಚಿ ಆಚೆ ಕೂತಿದ್ದ ಏಳು ಜನರನ್ನೂ ನೋಡಿದೆ. ಯಾರ ಕೈಯೂ ಜೇಬಿಗೆ ಹೋಗಲಿಲ್ಲ.

ಸದ್ದು ಬಂದದ್ದು ನನ್ನ ಹಿಂದಿನಿಂದ.

ಬಟ್ಟೆಯೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಗುಂಯ್‌ಗುಟ್ಟಿತು. ತಿರುಗಿದೆ. ಜಿನ್ಸಿ ಕುರ್ತಾದ ಜೇಬನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದಳು.

"ತೆಗಿ," ಎಂದೆ. ನನ್ನ ದನಿ ನನಗೇ ಗುರುತಾಗಲಿಲ್ಲ.

ಮೂಲೆ ಒಡೆದ ಹಳೆಯ ಫೋನು. ಪರದೆಯ ಮೇಲೆ, ಖಾತೆಯಲ್ಲಿ ಬದಲಾದರೂ ಫೋನಿನಲ್ಲಿ ಬದಲಾಗದ ಸನೂಪ್ ಎಂಬ ಹೆಸರು. ಕೆಳಗೆ: ಒಳಬರುತ್ತಿರುವುದು ನೀವೇನಾ? ಹೌದು, ನಾನೇ. ಅಲ್ಲ.

"ಅವನು ನನ್ನ ಗಂಡ ಚೇಚಿ," ಎಂದಳು ಜಿನ್ಸಿ.

ಬೈಜು ಎದ್ದು ನಿಂತುಬಿಟ್ಟ. "ಸನೂಪ್‌ಗೆ ಮದುವೆನೇ ಆಗಿರಲಿಲ್ಲ!"

"ಆಗಿತ್ತು. ರಿಜಿಸ್ಟ್ರಾರ್ ಆಫೀಸಲ್ಲಿ. ಅವರ ಮನೇಲಿ ಗೊತ್ತಿಲ್ಲ, ನಮ್ಮ ಮನೇಲಿ ಗೊತ್ತಿಲ್ಲ. ಜಾತಿ ಬೇರೆ, ಧರ್ಮ ಬೇರೆ. ಓಣಂ ಮುಗಿದ ಮೇಲೆ ಹೇಳೋಣ ಅಂತಿದ್ದ. ಮದುವೆಯಾಗಿ ಇಪ್ಪತ್ತು ದಿನಕ್ಕೇ ಹೋದ." ಅವಳು ನಿಲ್ಲಿಸಿ ಉಸಿರು ತಗೊಂಡಳು. "ಹೆಣ ನೋಡೋಕೂ ನಂಗೆ ಹಕ್ಕಿರಲಿಲ್ಲ. ಅವನ ಗೆಳೆಯ ಯಾರೋ ಈ ಫೋನ್ ತಂದ್ಕೊಟ್ಟ. ಇಲ್ಲಿ ಜಾಗ ಖಾಲಿ ಇದೆ ಅಂತ ಗೊತ್ತಾದಾಗ ಅರ್ಜಿ ಹಾಕಿದೆ. ಅವನು ಕೂತ ಕಡೆ ಕೂರೋಣ ಅಂತ. ಅಷ್ಟೇ ಚೇಚಿ."

"ಒತ್ತಿದ್ದು ನೀನೇನಾ?"

"ಇದರಲ್ಲಿ ಬೇರೆ ಏನೂ ಬರಲ್ಲ. ಯಾರೂ ಫೋನ್ ಮಾಡಲ್ಲ. ಮೂರು ತಿಂಗಳಿಗೊಂದು ಸಲ ಅವನ ಹೆಸರು ಬರುತ್ತೆ, ನೀನೇನಾ ಅಂತ ಕೇಳುತ್ತೆ. 'ಅಲ್ಲ' ಅಂತ ಹೇಗೆ ಒತ್ತಲಿ?"

ನನ್ನ ಕಣ್ಣು ತುಂಬಿತು. ಆ ಹುಡುಗಿಯನ್ನು ಎಳೆದು ಅಪ್ಪಿಕೊಳ್ಳಬೇಕೆನಿಸಿತು, ಕೆನ್ನೆಗೆ ಬಾರಿಸಬೇಕೆಂದೂ ಅನಿಸಿತು. ಗಂಡನ ಹೆಸರು ಅಳಿಯದಿರಲೆಂದು ಅವಳು ಒತ್ತಿದ ಆ ಎರಡು 'ಹೌದು'ಗಳಲ್ಲಿ ನೂರಾರು ಹೆಂಗಸರ ಗುಟ್ಟು ಹೊರಗೆ ಹರಿದುಹೋಗಿತ್ತು. ಇನ್ನು ಪೊಲೀಸರಿಗೆ ಬಿಳಿ ಹಾಳೆಯೂ ಬೇಡ. ಖಾತೆ ಇವಳದು, ಫೋನು ಇವಳ ಜೇಬಿನಲ್ಲಿ, ಒತ್ತಿದ ಬೆರಳೂ ಇವಳದೇ.

ಆಗ ಫೋನು ಮತ್ತೆ ಗುಂಯ್‌ಗುಟ್ಟಿತು.

"ಸಾಕು ನಿಲ್ಲಿಸೋ ಬೈಜು," ಎಂದೆ.

"ನಾನಲ್ಲ ಚೇಚಿ."

ಅವನು ನಿಂತೇ ಇದ್ದ, ಎರಡೂ ಕೈ ತಲೆಯ ಮೇಲೆ. ಒಳಬರುತ್ತಿರುವುದು ನೀವೇನಾ? ಎಂದು ಪರದೆ ಕೇಳುತ್ತಿತ್ತು. ಪಕ್ಕದಲ್ಲಿ ಅರವತ್ತರಿಂದ ಸೆಕೆಂಡುಗಳು ಇಳಿಯುತ್ತಿದ್ದವು.

ಬೈಜು ಕುರ್ಚಿಗೆ ಬಿದ್ದು ಕೀಲಿಮಣೆ ಎಳೆದುಕೊಂಡ. "ಅವನೇ ಎಳೀತಿದ್ದಾನೆ! ಜಿನ್ಸಿ, ಒತ್ತು. ಒತ್ತಿದ್ರೆ ಮಾತ್ರ ಯಾವ ಯಂತ್ರ ಅಂತ ನಂಗೆ ಕಾಣೋದು. ಕಂಡ ಕೂಡಲೇ ಕೊಂಡಿ ಕತ್ತರಿಸ್ತೀನಿ, ಪಟ್ಟಿ ಹೋಗೋಕೆ ಬಿಡಲ್ಲ."

"ಒತ್ತಲ್ಲ," ಎಂದಳು ಜಿನ್ಸಿ. ಫೋನನ್ನು ಸುಟ್ಟ ಪಾತ್ರೆಯಂತೆ ದೂರ ಹಿಡಿದಿದ್ದಳು. "ಈಗ ಗೊತ್ತಿದ್ದೂ ಒತ್ತಿದ್ರೆ ಯಾರು ನಂಬ್ತಾರೆ? ನಾನು ಸತ್ತೇಹೋದೆ ಅಂತ ಲೆಕ್ಕ."

"ಮೂವತ್ತು ಸೆಕೆಂಡ್," ಎಂದ ಬೈಜು.

ಅವಳು ನನ್ನ ಮುಖ ನೋಡಿದಳು. ಆ ಕೋಣೆಯಲ್ಲಿ, ಆ ಊರಿನಲ್ಲಿ, ಅವಳು ನೋಡಲು ಬೇರೆ ಮುಖವಿರಲಿಲ್ಲ.

"ಒತ್ತು ಮೋಳೇ," ಎಂದೆ. "ನಾನು ಹೇಳಿ ಒತ್ತಿಸಿದೆ ಅಂತ ಪೊಲೀಸರ ಮುಂದೆ ಹೇಳ್ತೀನಿ. ನಾನು ಸಾಕ್ಷಿ. ನನ್ನನ್ನ ನಂಬು."

ಜಿನ್ಸಿ ಕಣ್ಣು ಮುಚ್ಚಿ ಒತ್ತಿದಳು.

ಬೈಜುವಿನ ಬೆರಳುಗಳು ಓಡಿದವು. "ಬಂತು, ಬಂತು," ಎಂದ. "ಕತ್ತರಿಸಿದೆ. ಪಟ್ಟಿ ಹೋಗಿಲ್ಲ. ಈಗ ಯಂತ್ರ..."

ಅವನು ಪರದೆಗೆ ಇನ್ನಷ್ಟು ಬಗ್ಗಿದ.

"ಯಾರೋ ಅದು? ಹೇಳೋ. ಹರೀಂದ್ರನ್‌ದಾ?"

ಬೈಜು ಪರದೆಯಿಂದ ತಲೆಯೆತ್ತಿದ. ನನ್ನನ್ನು ನೋಡಲಿಲ್ಲ. ನನ್ನ ಮುಂದೆ ಮೇಜಿನ ಮೇಲೆ ತೆರೆದೇ ಇದ್ದ, ನಾನು ಹತ್ತು ನಿಮಿಷದಿಂದ ಮುಟ್ಟಿರದ ಲ್ಯಾಪ್‌ಟಾಪನ್ನು ನೋಡಿದ.

"ಇದೇ ಯಂತ್ರ ಚೇಚಿ," ಎಂದ. "ನಿಮ್ಮದು."

ನಾನು ಮುಟ್ಟಿಲ್ಲ ಎಂದು ಹೇಳಲು ಹೊರಟೆ. ಯಾರೋ ತಾವು ಕೂತಲ್ಲಿಂದಲೇ ನನ್ನ ಯಂತ್ರವನ್ನು ನಡೆಸುತ್ತಿದ್ದರು, ಆದರೆ ಅದನ್ನು ನಂಬುವವರು ಯಾರು? ಜಿನ್ಸಿ ನನ್ನಿಂದ ಒಂದೊಂದೇ ಹೆಜ್ಜೆ ಹಿಂದೆ ಸರಿದು, ಫೋನನ್ನು ಎದೆಗೆ ಅವುಚಿಕೊಂಡು, ತನ್ನ ಕಾರ್ಡಿಗೆ ತೆರೆಯದ ಆ ಬಾಗಿಲಿಗೆ ಬೆನ್ನು ಹಚ್ಚಿ ನಿಂತಳು. ಬೆಳಿಗ್ಗೆಯಿಂದ ಅವಳ ಕಣ್ಣಲ್ಲಿ ಭಯ ಕಂಡಿದ್ದೆ. ಈಗ ಅವಳು ಹೆದರುತ್ತಿದ್ದುದು ನನಗೆ.